ಹಡಗಿನ ಬಗ್ಗೆ ಬರೆದಿರಿ, ಹಡಗು ಹತ್ತುವವರೆಗಿನ ದಾರಿ ಬಗ್ಗೆ?

ಮಾನ್ಯ ಸಂಪಾದಕರೇ,

ದೀರ್ಘ ಕ್ರೂಸ್ ಪ್ರವಾಸದ ಬಗ್ಗೆ ನಿಮ್ಮ ಪ್ರವಾಸ ಪುಟದಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಈಜುಕೊಳ, ರಂಗಮಂದಿರ, ಬಾಲ್ಕನಿ ಇರುವ ಕ್ಯಾಬಿನ್, ರಾತ್ರಿ ಸಂಗೀತ, ಎಲ್ಲಾ ಇತ್ತು. ಆದರೆ ಲೇಖನ ಶುರುವಾಗುವುದೇ ಹಡಗಿನ ಮೆಟ್ಟಿಲ ಮೇಲೆ. ಆ ಮೆಟ್ಟಿಲವರೆಗೆ ಜನ ಬಂದದ್ದು ಹೇಗೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಾನು ನಿವೃತ್ತಿಯಾಗುವವರೆಗೂ ರೈಲ್ವೆಯ ವಿಚಾರಣೆ ಕೌಂಟರಿನಲ್ಲಿ ಕೂತವಳು. ಗಾಜಿನ ಆಚೆ ನಿಂತವರು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಯಾವಾಗ ಬರುತ್ತೆ, ಎಲ್ಲಿಗೆ ಬರುತ್ತೆ, ತಪ್ಪಿದರೆ ಮುಂದೇನು. ಮೊದಲ ಎರಡಕ್ಕೆ ಬೋರ್ಡು ನೋಡಿ ಯಾರು ಬೇಕಾದರೂ ಉತ್ತರ ಹೇಳಬಹುದು. ಕೌಂಟರಿನಲ್ಲಿ ಮನುಷ್ಯ ಬೇಕಾಗುವುದು ಮೂರನೆಯದಕ್ಕೆ. ಅಕ್ಕ ಮತ್ತು ನಾನು ಹೋದ ಕ್ರೂಸ್ ಪ್ರವಾಸದ ಬ್ರೋಷರನ್ನು ನಾನು ಹಿಂದೆಮುಂದೆ ಓದಿದ್ದೇನೆ. ದಪ್ಪ ಹಾಳೆ, ಒಳ್ಳೆ ಫೋಟೋ. ಮೂರನೇ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಇಲ್ಲ.

ನಮ್ಮದು ಶರತ್ಕಾಲದ ಪ್ರವಾಸ. ಬೇಸಿಗೆಯೆಲ್ಲಾ ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡುವ ಹಡಗುಗಳಲ್ಲಿ ಬಹಳಷ್ಟು ಚಳಿಗಾಲಕ್ಕೆ ಕೆರಿಬಿಯನ್ ಕಡೆ ಹೋಗಿಬಿಡುತ್ತವೆ. ಹೇಗೂ ಅಟ್ಲಾಂಟಿಕ್ ದಾಟಲೇಬೇಕಲ್ಲ, ಖಾಲಿ ಯಾಕೆ ಹೋಗಬೇಕು ಅಂತ ಆ ಪಯಣಕ್ಕೂ ಟಿಕೆಟ್ ಮಾರುತ್ತಾರೆ. ರೋಮ್ ಹತ್ತಿರ ಹತ್ತಿ, ಗ್ರೀಸ್, ಟರ್ಕಿ ನೋಡಿ, ಮತ್ತೆ ಗ್ರೀಸಿಗೆ ಬಂದು, ಸ್ಪೇನ್ ದಾಟಿ, ಕೊನೆಗೆ ಫ್ಲಾರಿಡಾದಲ್ಲಿ ಇಳಿಯುವುದು. ಹಡಗು ಹತ್ತುವ ಮುಂಚೆ ರೋಮ್, ಫ್ಲಾರೆನ್ಸ್ ತೋರಿಸುವ ಗ್ರೂಪ್ ಟೂರ್. ಗುಂಪಿನವರು ಬೇರೆ ಬೇರೆ ದೇಶಗಳಿಂದ ಬಂದು ಸೇರುತ್ತಾರೆ. ಹಾಗಾಗಿ ವಿಮಾನದ ಟಿಕೆಟ್ ಅವರವರದೇ. ಟೂರ್ ಕಂಪನಿಯ ಜವಾಬ್ದಾರಿ ಶುರುವಾಗುವುದು ರೋಮ್‌ನಲ್ಲಿ. ಇದಕ್ಕೆ ಅವರು ಇಟ್ಟ ಹೆಸರು ಲ್ಯಾಂಡ್ ಓನ್ಲಿ.

ಈ ಪದ್ಧತಿಯೇ ಸರಿಯಿಲ್ಲ ಅಂತ ನಾನು ಹೇಳುತ್ತಿಲ್ಲ. ನಮಗೆ ಬೇಕಾದ ವಿಮಾನ, ಬೇಕಾದ ದಿನ ಆರಿಸಿಕೊಳ್ಳಬಹುದು. ಆದರೆ ವಿಮಾನ ಒಬ್ಬರದು, ಬಸ್ಸು ಇನ್ನೊಬ್ಬರದು, ಹಡಗು ಮತ್ತೊಬ್ಬರದು. ಮೊದಲನೆಯದು ತಡವಾದರೆ ಉಳಿದ ಇಬ್ಬರಿಗೂ ಅದು ಸಂಬಂಧವಿಲ್ಲದ ವಿಷಯ. ನಮ್ಮ ಗುಂಪಿನ ಒಂದು ದಂಪತಿಗೆ ಹಾಗೇ ಆಯಿತು. ಎರಡು ವಿಮಾನಕ್ಕೆ ಎರಡು ಬೇರೆ ಟಿಕೆಟ್ ಕೊಂಡಿದ್ದರು, ಕಡಿಮೆಗೆ ಸಿಕ್ಕಿತು ಅಂತ. ಮೊದಲ ವಿಮಾನ ತಡವಾಯಿತು. ಎರಡನೆಯದು ಹೊರಟುಹೋಯಿತು. ಒಂದೇ ಟಿಕೆಟ್ಟಿನಲ್ಲಿ ಎರಡೂ ಪಯಣ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಕೂರಿಸುವುದು ಆ ಏರ್‌ಲೈನ್‌ನ ಕೆಲಸ. ಬೇರೆ ಬೇರೆ ಟಿಕೆಟ್ ಆದರೆ ಎರಡನೇ ಏರ್‌ಲೈನ್‌ನವರ ಲೆಕ್ಕದಲ್ಲಿ ನೀವು ಸುಮ್ನೆ ಬಾರದೆ ಉಳಿದ ಪ್ರಯಾಣಿಕ, ಅಷ್ಟೇ. ಆ ದಂಪತಿ ಹೊಸ ಟಿಕೆಟ್ ಕೊಂಡು ಬಂದು ಇಳಿಯುವಷ್ಟರಲ್ಲಿ ಗುಂಪಿನ ಬಸ್ಸು ಹೋಗಿಯಾಗಿತ್ತು. ಟೂರ್ ಕಂಪನಿಗೆ ಫೋನ್ ಮಾಡಿದರೆ ಬಂದ ಉತ್ತರ, 'ಏರ್ ನಮ್ಮದಲ್ಲ ಮೇಡಂ, ನೀವೇ ಹೋಟೆಲಿಗೆ ಬಂದುಬಿಡಿ.'

ಅವರಿಗೆ ಹಡಗು ತಪ್ಪಲಿಲ್ಲ. ಕಾರಣ, ಹಡಗು ಹೊರಡಲು ಇನ್ನೂ ಕೆಲವು ದಿನ ಇತ್ತು. ಗ್ರೂಪ್ ಟೂರ್ ಮೊದಲೇ ಇರುವುದರ ದೊಡ್ಡ ಲಾಭ ಇದೇ ಅಂತ ನನಗನ್ನಿಸುತ್ತೆ. ಹಳೇ ಕಟ್ಟಡ ನೋಡುವುದಕ್ಕಿಂತ ಜಾಸ್ತಿ, ಅದು ಕೈಯಲ್ಲಿ ಇರುವ ಸಮಯ. ಅದೇ ದಿನ ವಿಮಾನ, ಅದೇ ದಿನ ಹಡಗು ಅನ್ನುವವರಿಗೆ ಆ ಅವಕಾಶವೇ ಇಲ್ಲ. ಆದರೂ ಅಂಥ ಟಿಕೆಟ್ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ.

ಇನ್ನು ಎರಡನೇ ಪ್ರಶ್ನೆ, ಎಲ್ಲಿಗೆ. ಬೋರ್ಡು ನೋಡಿ ಹೇಳಬಹುದು ಅಂದೆನಲ್ಲ, ಕ್ರೂಸ್ ವಿಷಯದಲ್ಲಿ ಬೋರ್ಡೇ ಪೂರ್ತಿ ಹೇಳುವುದಿಲ್ಲ. ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ರೋಮ್ ಅಂತ ಇರುತ್ತೆ. ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ರೋಮ್‌ನಿಂದ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್. ಪ್ಯಾರಿಸ್ ಅಂತ ಬರೆದಿದ್ದರೆ ಹಡಗು ಬಹಳ ಸಲ ಇರುವುದು ಲ ಆವ್ರ್ ಬಂದರಿನಲ್ಲಿ, ಬರ್ಲಿನ್ ಅಂದರೆ ವಾರ್ನೆಮ್ಯುಂಡೆಯಲ್ಲಿ. ಎರಡೂ ರಸ್ತೆಯಲ್ಲಿ 200 ಕಿಲೋಮೀಟರ್ ಆಸುಪಾಸಿನ ಮಾತು. ಲಂಡನ್ ಅಂದರೆ ಸೌತಾಂಪ್ಟನ್. ವೆನಿಸ್ ಕಥೆ ಇನ್ನೂ ಮಜಾ. 25,000 ಟನ್ನಿಗಿಂತ ದೊಡ್ಡ ಹಡಗುಗಳು ಸಂತ ಮಾರ್ಕ್ ಚೌಕದ ಮುಂದೆ ಹಾದುಹೋಗುವುದನ್ನು ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ ನಿಲ್ಲಿಸಿತು. ಆಮೇಲೆ ಕೆಲವು ಹಡಗುಗಳು ಪಕ್ಕದ ಮಾರ್ಗೇರಾಕ್ಕೆ ಹೋದವು, ಕೆಲವು ರವೆನ್ನಾಕ್ಕೆ, ಕೆಲವು ತ್ರಿಯೆಸ್ತೆಗೆ. ಕೊನೆಯ ಎರಡೂ ವೆನಿಸ್‌ನಿಂದ 100 ಕಿಲೋಮೀಟರಿಗಿಂತ ದೂರ. ಜಾಹೀರಾತಿನಲ್ಲಿ ಮಾತ್ರ ಗೊಂಡೋಲಾ ಚಿತ್ರ ಹಾಗೇ ಇದೆ.

ವಿಮಾನದ ಟಿಕೆಟ್ ನಾವೇ ಕೊಳ್ಳುವಾಗ ಇದು ಸಣ್ಣ ವಿಷಯವಲ್ಲ. ಊರಿನ ಹೆಸರು ನೋಡಿ ಟಿಕೆಟ್ ತೆಗೆದರೆ ಬಂದರು ಇನ್ನೊಂದು ದಿಕ್ಕಿನಲ್ಲಿ ಇರಬಹುದು. ಇಸ್ತಾಂಬುಲ್‌ಗೆ ಎರಡು ವಿಮಾನ ನಿಲ್ದಾಣ. ಒಂದು ಯುರೋಪ್ ದಡದಲ್ಲಿ, ಇನ್ನೊಂದು ಏಷ್ಯಾ ದಡದಲ್ಲಿ. ಹಡಗುಗಳು ಬರುವ ಗಲಾಟಾಪೋರ್ಟ್ ಯುರೋಪ್ ದಡದಲ್ಲಿದೆ. ಕಡಿಮೆ ದರ ನೋಡಿ ಏಷ್ಯಾ ಕಡೆ ಇಳಿದರೆ ಸಮುದ್ರ ದಾಟಿ ಬರಬೇಕು, ಅದೂ ಆ ಊರಿನ ಟ್ರಾಫಿಕ್ಕಿನಲ್ಲಿ. ಇದಕ್ಕೆ ಹೋಲಿಸಿದರೆ ಅಥೆನ್ಸ್ ಸುಲಭ. 2022ರಿಂದ ವಿಮಾನ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ನೇರವಾಗಿ ಪಿರೇಯಸ್ ಬಂದರಿನ ಹತ್ತಿರ ಇಳಿಯಬಹುದು.

ಚಿವಿತಾವೆಕ್ಕಿಯಾಕ್ಕೆ ಗುಂಪಿನ ಬಸ್ಸು ತಪ್ಪಿದರೂ ದಾರಿ ಇದೆ. ರೋಮ್‌ನಿಂದ ರೈಲಿದೆ. ಆದರೆ ರೈಲು ನಿಲ್ದಾಣದಲ್ಲಿ ಇಳಿದರೆ ಹಡಗು ಎದುರಿಗೇ ಇರುತ್ತೆ ಅಂದುಕೊಳ್ಳಬೇಡಿ. ಅಲ್ಲಿಂದ ಲಾರ್ಗೊ ದೆಲ್ಲಾ ಪಾಚೆ ಅನ್ನುವ ಜಾಗಕ್ಕೆ ಒಂದು ಬಸ್ಸು, ಅಲ್ಲಿಂದ ಬಂದರಿನೊಳಗೆ ಹಡಗಿನ ಬುಡಕ್ಕೆ ಇನ್ನೊಂದು ಬಸ್ಸು. ದೊಡ್ಡ ಪೆಟ್ಟಿಗೆಗಳನ್ನು ಇಳಿಸಿ, ಹತ್ತಿಸಿ, ಮತ್ತೆ ಇಳಿಸುವುದು. ಅಕ್ಕನ ವಯಸ್ಸಿನವರಿಗೆ ಇದು ಆಗುವ ಕೆಲಸವಲ್ಲ. ಹಾಗಂತ ಮೊದಲೇ ಗೊತ್ತಿದ್ದರೆ ಒಂದು ಟ್ಯಾಕ್ಸಿಗೆ ಹೇಳಿಡಬಹುದು. ಗೊತ್ತಾಗುವುದು ಹೇಗೆ?

ಪೆಟ್ಟಿಗೆ ಅಂದ ಮೇಲೆ ಅಕ್ಕನ ಪೆಟ್ಟಿಗೆಯ ವಿಷಯ ಬರೆಯಲೇಬೇಕು. ರೋಮ್‌ನ ಫ್ಯುಮಿಚಿನೊ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಬೆಲ್ಟಿನ ಮೇಲೆ ಬಂತು. ಅವಳದು ಬರಲಿಲ್ಲ. ನೇರಳೆ ಬಣ್ಣದ್ದು, ದೂರದಿಂದಲೇ ಕಾಣಬೇಕು ಅಂತ ಹಠ ಮಾಡಿ ಕೊಂಡಿದ್ದಳು. ಬೆಲ್ಟು ಖಾಲಿ ತಿರುಗಿ ತಿರುಗಿ ನಿಂತಿತು. 'ನಿನ್ನದು ಬಂತಲ್ಲ, ನೀನು ಹೋಗು ಕಣೇ, ನಾನು ಇಲ್ಲೇ ಕೂತಿರ್ತೀನಿ' ಅಂದಳು. ಹೊರಗೆ ಗುಂಪಿನ ಬಸ್ಸು ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು.

ಇಂಥ ಹೊತ್ತಲ್ಲಿ ಆಚೆ ಬಂದುಬಿಡಬಾರದು. ಕಸ್ಟಮ್ಸ್ ಬಾಗಿಲು ದಾಟುವ ಮುಂಚೆ, ಬೆಲ್ಟ್ ಇರುವ ಹಾಲ್‌ನಲ್ಲೇ ಲಗೇಜ್ ಕೌಂಟರ್ ಇರುತ್ತೆ. ಅಲ್ಲೇ ದೂರು ಬರೆಸಿ ನಂಬರ್ ತೆಗೆದುಕೊಳ್ಳಬೇಕು. ನಂಬರ್‌ನಲ್ಲಿ ಮೊದಲು ವಿಮಾನ ನಿಲ್ದಾಣದ ಮೂರಕ್ಷರ, ಆಮೇಲೆ ಏರ್‌ಲೈನ್‌ನ ಎರಡಕ್ಷರ, ಆಮೇಲೆ 5 ಅಂಕಿ. ಚೆಕ್ಇನ್‌ನಲ್ಲಿ ಕೊಟ್ಟ ಸಣ್ಣ ಚೀಟಿ, ಅದೇ ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸುತ್ತಾರಲ್ಲ, ಅದಿದ್ದರೆ ಕೆಲಸ ಬೇಗ ಆಗುತ್ತೆ. ಅಕ್ಕ ಅದನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದಳು. ಕೌಂಟರಿನ ಹುಡುಗಿ ಎಲ್ಲಾ ಟೈಪ್ ಮಾಡಿ ಕೇಳಿದಳು, ಪೆಟ್ಟಿಗೆ ಸಿಕ್ಕರೆ ಯಾವ ವಿಳಾಸಕ್ಕೆ ಕಳಿಸೋಣ?

ರೋಮ್‌ನ ಹೋಟೆಲ್ ಅಂದೆ. ಎಷ್ಟು ದಿನ ಇರುತ್ತೀರಿ ಅಂದಳು. ಇಷ್ಟು ದಿನ ಅಂದೆ. ಆಮೇಲೆ? ಫ್ಲಾರೆನ್ಸ್‌ನ ಹೋಟೆಲ್. ಆಮೇಲೆ? ಮತ್ತೆ ರೋಮ್. ಆಮೇಲೆ? ನಾನು ಅಕ್ಕನ ಮುಖ ನೋಡಿದೆ. 'ಆಮೇಲೆ ಸಮುದ್ರ ಅಂತ ಬರೆಸು' ಅಂದಳು ಅಕ್ಕ.

ಅವಳು ತಮಾಷೆಗೆ ಅಂದದ್ದು. ಆದರೆ ಇಡೀ ಕ್ರೂಸ್ ಪ್ರವಾಸದ ಕಷ್ಟ ಆ ಮಾತಲ್ಲೇ ಇದೆ. ಸಾಮಾನ್ಯ ಪ್ರವಾಸದಲ್ಲಿ ಪೆಟ್ಟಿಗೆ ನಮ್ಮನ್ನು ಹುಡುಕಿಕೊಂಡು ಬರುತ್ತೆ. ಹಡಗು ಹತ್ತಿದ ಮೇಲೆ ನಾವು ದಿನಕ್ಕೊಂದು ಬಂದರಿನಲ್ಲಿ ಇರುತ್ತೇವೆ. ಅದು ಹಿಂದೆ ಹಿಂದೆಯೇ ಓಡಬೇಕು. ನಮ್ಮಂಥ ಪಯಣದಲ್ಲಿ ಇನ್ನೂ ಕಷ್ಟ. ಯುರೋಪಿನ ಕೊನೆಯ ಬಂದರು ಬಿಟ್ಟ ಮೇಲೆ ಸುಮಾರು ಒಂದು ವಾರ ಬರೀ ನೀರು. ಅಷ್ಟರೊಳಗೆ ಪೆಟ್ಟಿಗೆ ಸೇರದಿದ್ದರೆ ಅದನ್ನು ನೋಡುವುದು ಅಮೆರಿಕದಲ್ಲೇ.

ಇದಕ್ಕೊಂದು ದಾರಿ ಇದೆ. ಹಡಗು ಕಂಪನಿಗೆ ಪ್ರತಿ ಬಂದರಿನಲ್ಲೂ ಒಬ್ಬ ಪೋರ್ಟ್ ಏಜೆಂಟ್ ಇರುತ್ತಾನೆ. ಹಡಗಿಗೆ ಬರುವ ಕಾಗದ, ಸಾಮಾನು, ತಡವಾಗಿ ಬಂದ ಜನ, ಎಲ್ಲದರ ವ್ಯವಹಾರ ಅವನದು. ಅವನ ವಿಳಾಸ, ಫೋನ್ ನಂಬರ್ ಕ್ರೂಸ್ ಕಾಗದಪತ್ರದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇರುತ್ತೆ. ಹೋಟೆಲ್ ವಿಳಾಸಗಳ ಜೊತೆ ಹಡಗಿನ ಹೆಸರು, ಹೊರಡುವ ದಿನ, ಕ್ಯಾಬಿನ್ ನಂಬರ್, ಮುಂದಿನ ಬಂದರುಗಳ ಏಜೆಂಟ್ ವಿಳಾಸ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕೈಚೀಲದಲ್ಲಿ ಇಟ್ಟುಕೊಂಡರೆ ಕೌಂಟರಿನಲ್ಲಿ ತಡವರಿಸಬೇಕಿಲ್ಲ. ನಮ್ಮ ಗುಂಪಿನ ಮುಖ್ಯಸ್ಥನ ಹತ್ತಿರ ಏಜೆಂಟ್ ನಂಬರ್ ಕೇಳಿದೆ. ಅವನು ನನ್ನನ್ನು ಹೊಸದಾಗಿ ನೋಡುವವನ ಹಾಗೆ ನೋಡಿ, ಆಫೀಸಿಗೆ ಫೋನ್ ಮಾಡಿ ತರಿಸಿಕೊಟ್ಟ. ಅಲ್ಲಿವರೆಗೆ ಯಾರೂ ಕೇಳಿರಲಿಲ್ಲವಂತೆ.

ಲಗೇಜ್ ತಡವಾದರೆ ಪರಿಹಾರ ಕೇಳುವ ಹಕ್ಕು ಇದೆ. ಮಾಂಟ್ರಿಯಲ್ ಒಪ್ಪಂದ ಅಂತ 1999ರದ್ದು, ಬಹುತೇಕ ಅಂತರರಾಷ್ಟ್ರೀಯ ವಿಮಾನ ಪಯಣಗಳಿಗೆ ಅನ್ವಯಿಸುತ್ತೆ. ಪೆಟ್ಟಿಗೆ ಮುರಿದು ಬಂದಿದ್ದರೆ 7 ದಿನದೊಳಗೆ ಬರೆದು ಕೊಡಬೇಕು. ತಡವಾಗಿ ಬಂದರೆ ಅದು ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಅನ್ನುವುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಆದರೆ 21 ದಿನ ಅನ್ನುವುದು ಮನೆಯಲ್ಲಿ ಕೂತವರಿಗೆ ಸಾಕಷ್ಟಾಯಿತು. ಹಡಗಿನಲ್ಲಿ ಇರುವವರಿಗೆ ಅದು ನೀರಿನ ಮೇಲೇ ಕಳೆದುಹೋಗಬಹುದು. ಈಮೇಲ್ ಬರೆಯುವುದಿದ್ದರೆ ಹಡಗು ಹತ್ತುವ ಮುಂಚೆ, ಹೋಟೆಲಿನಲ್ಲೇ ಬರೆದುಬಿಡುವುದು ಒಳ್ಳೆಯದು. ಕೊಂಡ ಬಟ್ಟೆಬರೆಯ ರಸೀದಿಯ ಫೋಟೋ ಕೂಡ ಅದರ ಜೊತೆಗೇ.

ಅಕ್ಕನ ಪೆಟ್ಟಿಗೆ ನಾವು ಫ್ಲಾರೆನ್ಸ್‌ನಿಂದ ವಾಪಸ್ ಬಂದ ಸಂಜೆ ಹೋಟೆಲಿನ ಲಾಬಿಯಲ್ಲಿ ನಿಂತಿತ್ತು. ಒಂದು ಚಕ್ರ ಇರಲಿಲ್ಲ. ಅಷ್ಟು ದಿನವೂ ಅವಳು ನನ್ನ ಬಟ್ಟೆ ಹಾಕಿಕೊಂಡು, ಒಂದೂ ಸರಿಯಾಗಿಲ್ಲ ಅಂತ ದಿನಾ ಬೆಳಗ್ಗೆ ಹೇಳಿದಳು. ಅವಳ ಔಷಧಿಗೆ ಮಾತ್ರ ತೊಂದರೆಯಾಗಲಿಲ್ಲ. ಪ್ರವಾಸ ಪೂರ್ತಿಗೆ ಬೇಕಾದ ಮಾತ್ರೆ, ವೈದ್ಯರ ಚೀಟಿಯ ಪ್ರತಿ ಸಮೇತ, ಕೈಚೀಲದಲ್ಲೇ ಇತ್ತು. ಈ ವಿಷಯದಲ್ಲಿ ಒಂದು ಎಚ್ಚರಿಕೆ. ವಿಮಾನ ತುಂಬಿದ್ದರೆ ಗೇಟಿನ ಹತ್ತಿರ ಕೈಚೀಲವನ್ನೂ ತೆಗೆದುಕೊಂಡು ವಿಮಾನದ ಕೆಳಗಿನ ಲಗೇಜ್ ಖಾನೆಗೆ ಹಾಕುತ್ತಾರೆ. ಆಗ ಮಾತ್ರೆ, ಪಾಸ್‌ಪೋರ್ಟ್, ಪವರ್ ಬ್ಯಾಂಕ್ ಮೂರನ್ನೂ ತೆಗೆದು ಇಟ್ಟುಕೊಳ್ಳಲೇಬೇಕು. ಪವರ್ ಬ್ಯಾಂಕ್ ಅಂತೂ ಕೆಳಗೆ ಹಾಕುವ ಹಾಗೇ ಇಲ್ಲ, ಬೆಂಕಿಯ ಭಯ. ಅದಕ್ಕೆಲ್ಲಾ ಒಳಗೊಂದು ಸಣ್ಣ ಬಟ್ಟೆ ಚೀಲ ಇಟ್ಟಿದ್ದರೆ ಒಂದೇ ಸಲಕ್ಕೆ ಎಳೆದುಕೊಳ್ಳಬಹುದು.

ಈಗ ನನ್ನ ಮೂರನೇ ಪ್ರಶ್ನೆಗೆ ಬರುತ್ತೇನೆ. ಹಡಗೇ ತಪ್ಪಿದರೆ?

ಎಲ್ಲರೂ ಹೇಳುವ ಮಾತೊಂದಿದೆ, 'ಮುಂದಿನ ಬಂದರಿನಲ್ಲಿ ಹತ್ತಿದರಾಯಿತು ಬಿಡಿ.' ರೈಲಿನಲ್ಲಿ ಇದು ನಡೆಯುತ್ತೆ. ಟ್ಯಾಕ್ಸಿಯಲ್ಲಿ ಅಟ್ಟಿಸಿಕೊಂಡು ಹೋಗಿ ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದವರನ್ನು ನಾನೇ ಕಂಡಿದ್ದೇನೆ. ಹಡಗಿನಲ್ಲಿ ಹಾಗಿಲ್ಲ. ಮುಂದಿನ ಬಂದರು ಬೇರೆ ದೇಶದ್ದಾದರೆ ಅಲ್ಲಿಗೆ ವೀಸಾ ಬೇಕು, ವಿಮಾನ ಬೇಕು, ಹಡಗು ಕಂಪನಿಯ ಒಪ್ಪಿಗೆ ಬೇಕು. ಅಮೆರಿಕದ ಬಂದರುಗಳಲ್ಲಂತೂ 1886ರ ಒಂದು ಹಳೇ ಕಾನೂನು ಅಡ್ಡ ಬರುತ್ತೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು, ನಡುವೆ ದೂರದ ವಿದೇಶಿ ಬಂದರು ಮುಟ್ಟದೆ, ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸುವ ಹಾಗಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬೇರೆ ದೇಶದ ಬಾವುಟದವೇ. ಹಾಗಾಗಿ ಮೊದಲ ಬಂದರು ತಪ್ಪಿಸಿಕೊಂಡವರನ್ನು ಎರಡನೆಯದರಲ್ಲಿ ಹತ್ತಿಸಿಕೊಳ್ಳಲು ಮನಸ್ಸಿದ್ದರೂ ಆಗದೆ ಇರಬಹುದು.

ಹೊರಡುವ ಹೊತ್ತು ಅಂತ ಟಿಕೆಟ್ಟಿನಲ್ಲಿ ಬರೆದಿರುವುದು ನಾವು ಬಂದರಿಗೆ ಬರಬೇಕಾದ ಹೊತ್ತಲ್ಲ. ಸಾಮಾನ್ಯವಾಗಿ ಅದಕ್ಕೆ 1 ಗಂಟೆಯಿಂದ 2 ಗಂಟೆ ಮುಂಚೆಯೇ ಚೆಕ್ಇನ್ ಮುಚ್ಚುತ್ತಾರೆ. ಹತ್ತಿದವರ ಪಟ್ಟಿ ಅಧಿಕಾರಿಗಳಿಗೆ ಹೋಗಬೇಕು. ಜೊತೆಗೆ ಸುರಕ್ಷತಾ ಕವಾಯತು ಇದೆ. ಇದರ ಹಿಂದೆ ಒಂದು ದುರಂತದ ನೆನಪೂ ಇದೆ. 2012ರ ಜನವರಿ 13ರ ಸಂಜೆ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಹೊರಟದ್ದು ಇದೇ ಚಿವಿತಾವೆಕ್ಕಿಯಾದಿಂದ. ಅದೇ ರಾತ್ರಿ ಜೀಲ್ಯೊ ದ್ವೀಪದ ಬಂಡೆಗೆ ಬಡಿದು ಮಗುಚಿತು. 32 ಜನ ಸತ್ತರು. ಆ ಸಂಜೆ ಹೊಸದಾಗಿ ಹತ್ತಿದವರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆಯೊಳಗೆ ಮಾಡಿದರೆ ಸಾಕು ಅನ್ನುತ್ತಿತ್ತು. ಈಗ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಆಗಬೇಕು. ಹಾಗಾಗಿ ಕೊನೆ ಗಳಿಗೆಯಲ್ಲಿ ಓಡಿಬಂದವರ ಮೇಲೆ ಗೇಟಿನವರು ಕರುಣೆ ತೋರಿಸುತ್ತಿಲ್ಲ ಅಂತ ನಾನು ದೂರುವುದಿಲ್ಲ. ನನ್ನ ದೂರು, ಆ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ಟಿಕೆಟ್ ಮಾರುವಾಗಲೇ ಹೇಳುವುದಿಲ್ಲ ಅನ್ನುವುದು.

ಯುರೋಪಿನ ಒಕ್ಕೂಟದಲ್ಲಿ ವಿಮಾನ ತಡವಾದರೆ ಪರಿಹಾರದ ನಿಯಮ ಇದೆ, 261 ಅಂತ ಅದರ ಸಂಖ್ಯೆ. ದೂರದ ಪಯಣಕ್ಕೆ 600 ಯೂರೋವರೆಗೆ ಸಿಗಬಹುದು. ಅಲ್ಲಿಂದ ಹೊರಡುವ ಎಲ್ಲಾ ವಿಮಾನಕ್ಕೆ, ಅಲ್ಲಿಗೆ ಬರುವ ಅಲ್ಲಿನ ಏರ್‌ಲೈನ್‌ಗಳಿಗೆ ಅದು ಅನ್ವಯ. ಹೊರಗಿನ ಏರ್‌ಲೈನ್‌ನಲ್ಲಿ ಹೊರಗಿನಿಂದ ಹಾರಿ ಬಂದರೆ ಇಲ್ಲ. ಸಿಕ್ಕರೂ ಅದು ವಿಮಾನ ತಡವಾದದ್ದಕ್ಕೆ ಮೊತ್ತ ಗೊತ್ತು ಮಾಡಿ ಕೊಡುವ ಹಣ. ತಪ್ಪಿಹೋದ ಹಡಗಿನ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಉಳಿಯುವುದು ವಿಮೆ. ಅದರಲ್ಲಿ ನೋಡಬೇಕಾದ್ದು ಆಸ್ಪತ್ರೆ ಖರ್ಚಿನ ದೊಡ್ಡ ಅಂಕಿಯೊಂದೇ ಅಲ್ಲ. ತಡವಾಗಿ ಹಡಗೋ ವಿಮಾನವೋ ತಪ್ಪಿದರೆ ಏನು ಕೊಡುತ್ತಾರೆ, ಎಷ್ಟು ಗಂಟೆ ತಡವಾದರೆ ಕೊಡುತ್ತಾರೆ, ಬೇರೆ ಬೇರೆ ಟಿಕೆಟ್ ಇದ್ದರೂ ಕೊಡುತ್ತಾರಾ ಅನ್ನುವ ಸಾಲು ಹುಡುಕಬೇಕು. ಸಮುದ್ರದ ಮಧ್ಯೆ ಹೆಲಿಕಾಪ್ಟರ್ ಕರೆಸಬೇಕಾದರೆ ಅದು ಸೇರಿದೆಯಾ ಅಂತಲೂ. ಸಾಕಷ್ಟು ಪಾಲಿಸಿಗಳಲ್ಲಿ ಕ್ರೂಸ್ ಅನ್ನುವುದು ಬೇರೆಯಾಗಿ ಸೇರಿಸಿಕೊಳ್ಳಬೇಕಾದ ಭಾಗ. ವೀಸಾಗೆ ತೋರಿಸಲು ತೆಗೆದ ವಿಮೆಯೇ ಸಾಕು ಅಂದುಕೊಂಡು ಬಂದವರು ನಮ್ಮ ಗುಂಪಿನಲ್ಲಿ ಜಾಸ್ತಿ ಇದ್ದರು.

ವೀಸಾ ಬಗ್ಗೆಯೂ ಒಂದು ಮಾತು, ಯಾಕಂದರೆ ಇದನ್ನು ಗ್ರೂಪ್ ಟೂರಿನವರು ಅರ್ಧ ಮಾತ್ರ ಹೇಳುತ್ತಾರೆ. ಶೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು, ಇಟಲಿ, ಗ್ರೀಸ್ ಎರಡೂ ಅದರಲ್ಲಿವೆ. ಇಟಲಿಗೆ ಶೆಂಗೆನ್ ವೀಸಾ ಬೇಕಾದವರು ಒಂದೇ ಸಲ ಒಳಗೆ ಬಿಡುವ ವೀಸಾ ತೆಗೆದುಕೊಂಡರೆ ಗ್ರೂಪ್ ಟೂರ್‌ಗೆ ಸಾಕು. ಆದರೆ ಹಡಗು ಗ್ರೀಸ್‌ನಿಂದ ಟರ್ಕಿಗೆ ಹೋದ ಕೂಡಲೇ ಶೆಂಗೆನ್ ಬಿಟ್ಟ ಹಾಗೆ. ರಾತ್ರಿ ನಾವು ಮಲಗಿದ್ದಾಗ ಹಡಗು ಗಡಿ ದಾಟಿರುತ್ತೆ. ಮತ್ತೆ ಗ್ರೀಸಿಗೆ ಬಂದರೆ ಅದು ಎರಡನೇ ಪ್ರವೇಶ. ಹಾಗಾಗಿ ಇಂಥ ಪಯಣಕ್ಕೆ ಮಲ್ಟಿಪಲ್ ಎಂಟ್ರಿ ವೀಸಾವೇ ಬೇಕು. ಟರ್ಕಿಯ ನಿಯಮ ಬೇರೆ, ಕೊನೆಯಲ್ಲಿ ಇಳಿಯುವ ಅಮೆರಿಕದ್ದು ಬೇರೆ. ಶೆಂಗೆನ್ ಅರ್ಜಿಯನ್ನು ಪ್ರವಾಸಕ್ಕೆ 6 ತಿಂಗಳಿಗಿಂತ ಮುಂಚೆ ಹಾಕುವ ಹಾಗಿಲ್ಲ, 15 ದಿನಕ್ಕಿಂತ ತಡವಾಗಿಯೂ ಹಾಕುವ ಹಾಗಿಲ್ಲ. ಪಾಸ್‌ಪೋರ್ಟ್ ಒಂದೇ, ಅದು ಎರಡು ಕಚೇರಿಯಲ್ಲಿ ಒಟ್ಟಿಗೆ ಇರಲು ಆಗುವುದಿಲ್ಲ. ಅಮೆರಿಕದ್ದನ್ನು ಮೊದಲು ಮುಗಿಸಿಕೊಂಡದ್ದರಿಂದ ನಮಗೆ ಸರಿಹೋಯಿತು. ಈಗ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆಯನ್ನೂ ಶೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ತಂದಿವೆ. ಮೊದಲ ಸಲ ಹೋಗುವವರಿಗೆ ಸಾಲಿನಲ್ಲಿ ಜಾಸ್ತಿ ಹೊತ್ತು ಹಿಡಿಯಬಹುದು. ಗುಂಪಿನ ಬಸ್ಸಿನ ಹೊತ್ತು ಗೊತ್ತು ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ವಾ?

ಇನ್ನೊಂದು, ಹೊರಡುವ ವಿಮಾನ ನಿಲ್ದಾಣದಲ್ಲೇ ಎದುರಾಗುವುದು. ನಮ್ಮ ಟಿಕೆಟ್ ರೋಮ್‌ಗೆ ಹೋಗುವುದು ಮಾತ್ರ, ವಾಪಸ್ ಬರುವುದು ಫ್ಲಾರಿಡಾದಿಂದ. ಚೆಕ್ಇನ್‌ನಲ್ಲಿ ಇದ್ದವನಿಗೆ ಇದು ಅರ್ಥವಾಗಲಿಲ್ಲ. ಇಟಲಿಯಿಂದ ಆಚೆ ಹೋಗುವ ಟಿಕೆಟ್ ಎಲ್ಲಿ ಅಂದ. ಹಡಗಿನಲ್ಲಿ ಅಂದೆ. ಮೇಲಿನ ಅಧಿಕಾರಿಯನ್ನು ಕರೆದ. ಅಕ್ಕನ ಕೈಲಿದ್ದ ಫೈಲಿನಿಂದ ಕ್ರೂಸ್ ಬುಕಿಂಗ್, ಫ್ಲಾರಿಡಾದಿಂದ ಬರುವ ಟಿಕೆಟ್, ಎರಡನ್ನೂ ಕಾಗದದಲ್ಲಿ ತೋರಿಸಿದ ಮೇಲೆ ಬೋರ್ಡಿಂಗ್ ಪಾಸ್ ಬಂತು. ಫೋನಿನಲ್ಲಿ ಇದೆ ಅಂತ ಹುಡುಕುತ್ತಾ ನಿಂತಿದ್ದರೆ ಹಿಂದಿನ ಸಾಲಿನವರು ಸುಮ್ಮನಿರುತ್ತಿರಲಿಲ್ಲ.

ಬಂದು ಇಳಿದ ದಿನದ ಕಾರ್ಯಕ್ರಮದ ಬಗ್ಗೆ ನನ್ನದು ಶುದ್ಧ ಸಿಟ್ಟು. ರಾತ್ರಿಯೆಲ್ಲಾ ಕೂತು ಬಂದವರನ್ನು ಅದೇ ಮಧ್ಯಾಹ್ನ ವ್ಯಾಟಿಕನ್ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಮರುದಿನ ಭಾನುವಾರ. ತಿಂಗಳ ಕೊನೆಯ ಭಾನುವಾರ ಒಂದು ಬಿಟ್ಟರೆ ಅಲ್ಲಿ ಭಾನುವಾರ ರಜೆ. ಅದಕ್ಕೇ ಇವತ್ತೇ ಮುಗಿಸಬೇಕು ಅಂದರು. ಸಿಸ್ಟೀನ್ ಚಾಪೆಲ್‌ನ ಗೋಡೆ ಪಕ್ಕದ ಬೆಂಚಿನಲ್ಲಿ ಅಕ್ಕ ತಲೆ ಎತ್ತಿ ಚಾವಣಿ ನೋಡುತ್ತಾ ನೋಡುತ್ತಾ ಹಾಗೇ ನಿದ್ದೆ ಹೋದಳು. ಅವಳ ಅಕ್ಕಪಕ್ಕದವರದೂ ಅದೇ ಕಥೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತೆ. ಪಶ್ಚಿಮಕ್ಕೆ ಹಾರಿದವರಿಗಿಂತ ಪೂರ್ವಕ್ಕೆ ಹಾರಿದವರಿಗೆ ಕಷ್ಟ ಜಾಸ್ತಿ. ಬೇರೆ ಬೇರೆ ದಿಕ್ಕಿನಿಂದ ಬಂದ ಗುಂಪಿಗೆ ಮೊದಲ ದಿನ ಏನೂ ಇಡದಿರುವುದೇ ಒಳ್ಳೆಯ ಕಾರ್ಯಕ್ರಮ. ದಿನ ತುಂಬಿದ್ದರೆ ಬ್ರೋಷರ್ ಚೆನ್ನಾಗಿ ಕಾಣುತ್ತೆ, ಅದಕ್ಕೆ ಹಾಗೆ ಮಾಡುತ್ತಾರೆ.

ಹಾಗಂತ ಗುಂಪಿನಿಂದ ಲಾಭವೇ ಇಲ್ಲ ಅನ್ನಲಾರೆ. ಬಂದರಿಗೆ ಹೋಗುವ ದಿನ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮುಖ್ಯಸ್ಥ ಹುಡುಗ ಆಗ ಮಾತ್ರ ನಿಜವಾಗಿ ಕೆಲಸ ಮಾಡಿದ. ಇನ್ನೊಂದು ಬಸ್ಸು ಬರುವಷ್ಟರಲ್ಲಿ ಹಡಗಿನ ಕಚೇರಿಗೆ, ಪೋರ್ಟ್ ಏಜೆಂಟ್‌ಗೆ ಫೋನ್ ಮಾಡಿ, ಇಷ್ಟು ಜನ ದಾರಿಯಲ್ಲಿದ್ದೇವೆ ಅಂತ ಹೆಸರು ಸಮೇತ ತಿಳಿಸಿದ. ಇಡೀ ಗುಂಪು ಒಟ್ಟಿಗೆ ತಡವಾದರೆ ಹಡಗಿನವರೂ ಸ್ವಲ್ಪ ಯೋಚಿಸುತ್ತಾರೆ. ಇಬ್ಬರು ತಡವಾದರೆ ಯಾರೂ ಯೋಚಿಸುವುದಿಲ್ಲ. ಅವನಿಗೆ ಹೇಳಿದೆ, 'ಇದೇ ಕೆಲಸ ವಿಮಾನದ ದಿನವೂ ಮಾಡಪ್ಪ.' ಅವನು ನಕ್ಕ. ಅವನ ಕೆಲಸ ಹೋಟೆಲ್ ಲಾಬಿಯಿಂದ ಶುರು ಅಂತ ಅವನ ಕಾಗದದಲ್ಲಿ ಬರೆದಿದೆಯಂತೆ.

ಆ ಕಾಗದ ಬದಲಾಗಬೇಕು ಅನ್ನುವುದು ನನ್ನ ವಾದ. ಯುರೋಪಿನಲ್ಲಿ 2015ರ ಪ್ಯಾಕೇಜ್ ಪ್ರವಾಸದ ನಿರ್ದೇಶನ ಇದೆ. ವಿಮಾನ, ಹೋಟೆಲ್, ಹಡಗು ಇವುಗಳಲ್ಲಿ ಎರಡಕ್ಕಿಂತ ಜಾಸ್ತಿ ಬಗೆಯ ಸೇವೆ ಇರಲಿ, ಎರಡೇ ಇರಲಿ, ಒಬ್ಬರೇ ಸೇರಿಸಿ ಮಾರಿದರೆ ಇಡೀ ಪ್ರವಾಸಕ್ಕೆ ಆ ಸಂಘಟಕರೇ ಹೊಣೆ. ವಿಮಾನವನ್ನು ಪ್ರಯಾಣಿಕರ ತಲೆಗೆ ಬಿಟ್ಟರೆ ಆ ಹೊಣೆ ವಿಮಾನದ ಮಟ್ಟಿಗೆ ತಪ್ಪುತ್ತೆ. ಅದೂ ಒಂದು ವ್ಯಾಪಾರದ ಕ್ರಮವೇ ಇರಲಿ. ಆದರೆ ಹಾಗೆ ಬಿಟ್ಟಿದ್ದೇವೆ ಅನ್ನುವುದನ್ನು ಮೊದಲ ಪುಟದಲ್ಲಿ, ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಲಿ. ನಿಜವಾದ ಬಂದರಿನ ಹೆಸರು, ಹತ್ತಿರದ ವಿಮಾನ ನಿಲ್ದಾಣ, ಗುಂಪಿನ ಕೊನೆಯ ಬಸ್ಸಿನ ಹೊತ್ತು, ಹಡಗಿನ ಗೇಟು ಮುಚ್ಚುವ ಹೊತ್ತು, ತಡವಾದರೆ ಹಗಲು ರಾತ್ರಿ ಎತ್ತುವ ಒಂದು ಫೋನ್ ನಂಬರ್, ಪೋರ್ಟ್ ಏಜೆಂಟ್ ವಿಳಾಸ. ಎಲ್ಲಾ ಸೇರಿದರೂ ಅರ್ಧ ಪುಟ. ಸೂರ್ಯಾಸ್ತದ ಒಂದು ಫೋಟೋ ಕಡಿಮೆ ಮಾಡಿದರೆ ಜಾಗ ಸಿಗುತ್ತೆ.

ನಿಮ್ಮಲ್ಲಿ ಕೇಳಿಕೊಳ್ಳುವುದೂ ಇಷ್ಟೇ. ಮುಂದಿನ ಸಲ ಕ್ರೂಸ್ ಬಗ್ಗೆ ಲೇಖನ ಹಾಕುವಾಗ ಅದರ ಜೊತೆ ಆ ಅರ್ಧ ಪುಟವನ್ನೂ ಹಾಕಿ. ಪ್ರವಾಸ ಕಂಪನಿಗಳ ಜಾಹೀರಾತು ನಿಮ್ಮ ಪತ್ರಿಕೆಗೆ ಬರುತ್ತೆ, ಅವರನ್ನು ನೀವು ಕೇಳಿದರೆ ಉತ್ತರ ಸಿಗುತ್ತೆ. ನಾವು ಕೇಳಿದರೆ 'ಏರ್ ನಮ್ಮದಲ್ಲ ಮೇಡಂ' ಅನ್ನುತ್ತಾರೆ. ನಾನು ಬರೆದುಕೊಂಡಿದ್ದ ವಿಳಾಸದ ಹಾಳೆಯ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಕ್ಯಾಬಿನ್ ನಂಬರ್ ಹೊಡೆದುಹಾಕಿ. ಮಾದರಿಗೆ ಬೇಕಾದರೆ ಬಳಸಿಕೊಳ್ಳಿ.

ಇಂತಿ ನಿಮ್ಮ ಓದುಗಳು,
ನಿವೃತ್ತ ರೈಲ್ವೆ ವಿಚಾರಣೆ ಗುಮಾಸ್ತೆ